ಎಲ್ಲಿಂದ ಸಾರ್?

"ಗೋಲಿಲ್ಲ! ಇನ್ನೊಂದ್ಸಲ ಹೊಡೀಬೇಕು!" ಎಂದು ರೆಫರಿ ಸೀಟಿ ಊದಿದಾಗ ಇಡೀ ತಂಡ ತಲೆಯ ಮೇಲೆ ಕೈ ಹೊತ್ತುಕೊಂಡಿತು. ಪೆನಾಲ್ಟಿ ಒದ್ದ ಹುಡುಗ ಮಾತ್ರ ಏನೂ ಆಗದವನಂತೆ ಬಲೆಯೊಳಗಿಂದ ಚೆಂಡು ಎತ್ತಿಕೊಂಡು ಬಂದು ಕೇಳಿದ, "ಎಲ್ಲಿಂದ ಸಾರ್?"

"ಎಲ್ಲಿಂದ ಅಂದ್ರೆ? ಅದೇ ಚುಕ್ಕೆಯಿಂದ ಕಣಯ್ಯಾ!"

ತಪ್ಪು ಅವನದಲ್ಲ. ಅವನು ಒದೆಯುವ ಮೊದಲೇ ಅವನದೇ ತಂಡದ ಗಡ್ಡದವನು ಆತುರ ತಡೆಯಲಾರದೆ ಗೆರೆ ದಾಟಿ ನುಗ್ಗಿದ್ದ. ಪಂದ್ಯ ಮುಗಿಯಲು ಎರಡು ನಿಮಿಷ ಬಾಕಿ, ಎರಡೂ ಕಡೆ ಸಮ. ಕ್ಯಾಪ್ಟನ್ ಕಾಲು ಉಳುಕಿಸಿಕೊಂಡು ಹೊರಗೆ ಕೂತಿದ್ದ. ಪೆನಾಲ್ಟಿ ಯಾರು ಹೊಡೀತೀರಿ ಎಂದಾಗ ಉಳಿದವರಿಗೆಲ್ಲ ಸರಿಯಾಗಿ ಅದೇ ಹೊತ್ತಿಗೆ ಶೂ ಲೇಸು ಕಟ್ಟುವ ಕೆಲಸ ಬಿದ್ದಿತ್ತು.

ಹುಡುಗನಿಗೆ ಹತ್ತೊಂಬತ್ತು. ಆರನೇ ವಯಸ್ಸಿನಿಂದ ಹನ್ನೆರಡರವರೆಗೆ ದಿನಾ ಸಂಜೆ ಟೀವಿಯಲ್ಲಿ ಮನೆಮನೆಯವರನ್ನು ಅಳಿಸುತ್ತಿದ್ದ ಅನಾಥ ಮಗು ಇವನೇ. ಮೀಸೆ ಚಿಗುರಿದ್ದೇ ತಡ, ಧಾರಾವಾಹಿಯವರು ಅವನ ಪಾತ್ರವನ್ನು ಓದಲೆಂದು ಪರದೇಶಕ್ಕೆ ಕಳಿಸಿ ಕೈತೊಳೆದುಕೊಂಡರು. ಆಮೇಲೆ ಅವನಿಗೆ ಫುಟ್‌ಬಾಲ್ ಹುಚ್ಚು ಹತ್ತಿತು. ಕೋಚ್ ಬಾಯಲ್ಲಿ ಮಾತ್ರ ಅವನು ಇನ್ನೂ 'ಧಾರಾವಾಹಿ'. ಬಿದ್ದರೆ "ನಾಟಕ ಸಾಕು, ಏಳು", ಎದ್ದರೆ "ಕ್ಯಾಮೆರಾ ಇಲ್ಲ, ಓಡು". ಆ ಬೆಳಿಗ್ಗೆಯಂತೂ ಖಡಾಖಂಡಿತವಾಗಿ ಹೇಳಿದ್ದರು: "ಇವತ್ತು ಏನೂ ಮಾಡ್ಲಿಲ್ಲ ಅಂದ್ರೆ ನಾಳೆಯಿಂದ ಬರ್ಬೇಡ." ಫುಟ್‌ಬಾಲ್ ಬಿಟ್ಟು ಬದುಕುವುದು ಹೇಗೆಂದು ಯೋಚಿಸಿಯೇ ಅವನಿಗೆ ತಿಂಡಿ ಇಳಿದಿರಲಿಲ್ಲ.

ಎರಡನೇ ಸಲವೂ ಗೋಲಾಯಿತು. ಗಡ್ಡದವನು ಎರಡನೇ ಸಲವೂ ನುಗ್ಗಿದ.

ಮೂರನೆಯದಕ್ಕೆ ಇಬ್ಬರು ಸೇರಿ ಗಡ್ಡದವನ ಸೊಂಟ ಹಿಡಿದು ನಿಂತರು. "ಲೋ, ಈ ಸಲ ಬಲಕ್ಕೆ ಹೊಡಿಯೋ! ಕೀಪರ್‌ಗೆ ಗೊತ್ತಾಗೋಗಿದೆ!" ಎಂದು ಕೋಚ್ ಗಂಟಲು ಹರಿದುಕೊಂಡರು. ಹುಡುಗನಿಗೆ ಕೇಳಿಸಿತು, ತಲೆಗೆ ಹೋಗಲಿಲ್ಲ. ಇನ್ನೊಂದ್ಸಲ ಎಂದರೆ ಮೊದಲು ಮಾಡಿದ್ದನ್ನೇ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಮಾಡುವುದು. ಶೂಟಿಂಗ್‌ನಲ್ಲಿ ಅವನು ಕಲಿತಿದ್ದು ಅಷ್ಟೇ. ಒಂದು ದೃಶ್ಯಕ್ಕೆ ಹದಿನೇಳು ಲೋಟ ಹಾಲು ಕುಡಿದು ಹದಿನೇಳು ಸಲವೂ ಒಂದೇ ನಗು ನಕ್ಕವನು. ಅಮ್ಮ ಪಕ್ಕದಲ್ಲೇ ಬಕೆಟ್ ಹಿಡಿದು ನಿಂತಿದ್ದಳು.

ಮೊದಲ ಸಲ ಎಡಗಾಲಿನ ಸಾಕ್ಸ್ ಜಾರಿತ್ತು. ಈಗ ಅದನ್ನು ಬೇಕೆಂದೇ ಜಾರಿಸಿಕೊಂಡ. ನಾಲ್ಕು ಹೆಜ್ಜೆ ಹಿಂದೆ, ಒಂದು ಉಸಿರು, ಅದೇ ಎಡಮೂಲೆ. ಮೂರು ಸಲವೂ ಅಲ್ಲಿಗೇ ಹೊಡೆಯುವಷ್ಟು ದಡ್ಡ ಯಾರೂ ಇರಲಾರ ಎಂದುಕೊಂಡು ಗೋಲ್‌ಕೀಪರ್ ಇನ್ನೊಂದು ಮೂಲೆಗೆ ಹಾರಿ ಮಣ್ಣುಮುಕ್ಕಿದ.

ತಂಡದವರೆಲ್ಲ ಓಡಿ ಬಂದು ತಬ್ಬಿಕೊಂಡರೂ ಹುಡುಗ ನಿಂತಲ್ಲಿಂದ ಕದಲಲಿಲ್ಲ. ಅವರ ಹೆಗಲುಗಳ ನಡುವಿನಿಂದ ಕತ್ತು ಚಾಚಿ ರೆಫರಿಯನ್ನು ಕೇಳಿದ, "ಓಕೆನಾ ಸಾರ್? ಇನ್ನೊಂದು ಟೇಕ್ ತಗೋತೀರಾ?"

"ಬೇಡಪ್ಪಾ ತಂದೆ! ಗೋಲು, ಗೋಲು!"

"ಲೋ ಧಾರಾವಾಹಿ!" ಕೋಚ್ ಗೆರೆಯಾಚೆಯಿಂದ ಕೂಗಿದರು. "ನಾಳೆ ಆರು ಗಂಟೆಗೆ ಇಲ್ಲಿರ್ಬೇಕು! ಲೇಟ್ ಮಾಡಿದ್ರೆ ನೋಡು!"

ಆಗ ಅವನ ಕಾಲುಗಳು ನಡುಗತೊಡಗಿದವು. ಎರಡೂ ಮೊಣಕಾಲು ಒತ್ತಿ ಹಿಡಿದು ಹುಲ್ಲಿನ ಮೇಲೆ ಕೂತ. ಈ ನಡುಕವನ್ನು ನಿಲ್ಲಿಸುವುದು ಹೇಗೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.