ಹೊಳೆಯ ದಡದ ಸೊಸೆ

ಬೇಗಾಯಿಮ್ ಊರಿನ ನೂರಾ ಹನ್ನೆರಡು ಮನೆಗಳನ್ನು ಒಪ್ಪಿಸಿದ್ದಳು. ಒಪ್ಪದೆ ಉಳಿದದ್ದು ಒಂದೇ ಮನೆ. ಅದು ಅವಳದೇ.

ಅಕ್-ಬುಲಾಕ್ ಊರಿನ ಹಳೆಯ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಒಂದು ಪುಟ್ಟ ರೇಡಿಯೋ ಕೇಂದ್ರ ಇದೆ. ಅದರ ದನಿ ಊರು ದಾಟಿ ಕುರಿದೊಡ್ಡಿಗಳ ತನಕ ಹೋಗಿ ಅಲ್ಲಿ ಸುಸ್ತಾಗಿ ನಿಂತುಬಿಡುತ್ತದೆ. ಪ್ರತಿ ಗುರುವಾರ ಮಧ್ಯಾಹ್ನ ಅದರಲ್ಲಿ ಬೇಗಾಯಿಮ್‌ಳ ‘ಬಾಳಿನ ಮಾತು’. ಬದುಕಿಗೊಂದು ಗುರಿ ಬೇಕು, ಮನುಷ್ಯ ದಿನಕ್ಕೆ ಒಂದು ಗೇಣಾದರೂ ಬೆಳೆಯಬೇಕು, ಊರು ಬದಲಾಗಬೇಕಾದರೆ ಮೊದಲು ಮನೆ ಬದಲಾಗಬೇಕು, ಇಂಥವೆಲ್ಲ. ನರಿನ್ ಪಟ್ಟಣದಲ್ಲಿ ಹತ್ತು ದಿನದ ತರಬೇತಿಯಲ್ಲಿ ಕಲಿತು ಬಂದ ಮಾತುಗಳು. ಮೊದಮೊದಲು ಜನ ನಕ್ಕರು. ಆಮೇಲೆ ಒಂದು ಗುರುವಾರ ಅವಳು ಪುಸ್ತಕ ಬದಿಗಿಟ್ಟು ಬಾಯಿಗೆ ಬಂದದ್ದನ್ನು ಆಡಿಬಿಟ್ಟಳು. “ಬದುಕಿದ್ದಾಗ ಅಪ್ಪನಿಗೆ ಒಂದು ಕನ್ನಡಕ ಮಾಡಿಸಿಕೊಡದೋರು, ಸತ್ತ ಮೇಲೆ ಕುದುರೆ ಕಡೀತೀವಲ್ಲ, ಯಾರಿಗೋಸ್ಕರ?” ಅಂದು ಯಾರೂ ನಗಲಿಲ್ಲ. ಸಾವಿನ ಮನೆಯಲ್ಲಿ ಬಂದವರಿಗೆ ಉಣಿಸಲು ಕುದುರೆ ಕಡಿಯಲೇಬೇಕೆಂಬ ಹಟಕ್ಕೆ ಎಷ್ಟು ಮನೆಗಳ ಬೆನ್ನು ಮುರಿದಿತ್ತೆಂಬುದು ಎಲ್ಲರಿಗೂ ಗೊತ್ತಿತ್ತು. ಮುಂದೆ ಹನ್ನೆರಡು ವಾರ ಅದೇ ಮಾತು ನಡೆಯಿತು. ಹಿರಿಯರನ್ನು ಕರೆಸಿದಳು, ಮುಲ್ಲಾನನ್ನು ಕರೆಸಿದಳು, ಮೇಷ್ಟರನ್ನು ಕರೆಸಿದಳು. ಕೊನೆಗೆ ಕಾಗದ ಸಿದ್ಧವಾಯಿತು: ಇನ್ನು ಮುಂದೆ ಸಾವಿನ ಮನೆಯಲ್ಲಿ ಚಹಾ, ರೊಟ್ಟಿ, ಅಷ್ಟೇ.

ಅತ್ತೆ ಸಾಯ್ರಾಕಾನ್ ಮಾತ್ರ ಸಹಿ ಹಾಕಲಿಲ್ಲ.

ಕಾಗದವನ್ನು ಶುಕ್ರವಾರದ ನಮಾಜಿನ ನಂತರ ಮಸೀದಿಯ ಬಾಗಿಲಿಗೆ ಹಚ್ಚುವುದೆಂದು ನಿಶ್ಚಯವಾಗಿತ್ತು. ಬುಧವಾರ ಪಕ್ಕದ ಮನೆಯ ಇಮಾನ್‌ಕುಲ್ ಬೇಲಿಯ ಮೇಲೆ ಮೊಣಕೈ ಊರಿ ನಿಂತ. ಸಾಯ್ರಾಕಾನ್‌ಳ ತೀರಿಹೋದ ಗಂಡನ ಕಿರಿಯ ತಮ್ಮ ಅವನು. ಅರವತ್ತು ದಾಟಿದ್ದರೂ ಅತ್ತಿಗೆ ಎದುರು ಇನ್ನೂ ಟೋಪಿ ಸರಿಮಾಡಿಕೊಳ್ಳುವವನು.

“ಹೇಳೋದು ಶಾಸ್ತ್ರ, ಹಾಕೋದು ಗಾಳ ಅಂತಾರೆ ನೋಡಮ್ಮ ಜನ,” ಎಂದ. “ನಿಮ್ಮನೆ ಸಹಿ ಇಲ್ದೇ ಇದ್ರೆ ನನ್ನದೂ ಹೊಡೆದುಹಾಕು. ನಂದು ಹೋದ್ರೆ ಮಿಕ್ಕೋರದ್ದೂ ಹೋಯ್ತು ಅಂತ ತಿಳ್ಕೋ.”

“ನೀವೇ ಒಂದು ಮಾತು ಹೇಳಿ ನೋಡಿ, ಮಾವ.”

“ನಾನಾ? ಕುದುರೆ ಒದ್ರೆ ತಡ್ಕೋತೀನಿ. ಅತ್ತಿಗೆ ಮಾತು ತಡ್ಕೊಳಕ್ಕಾಗಲ್ಲ.”

ಒಳಗೆ ಸಾಯ್ರಾಕಾನ್ ಕಣಕ ನಾದುತ್ತಿದ್ದಳು. ಪಕ್ಕದಲ್ಲಿ ಇಮಾನ್‌ಕುಲ್‌ನ ಸೊಸೆ ಮೇರಿಮ್ ಕುಳಿತು ಉಣ್ಣೆಯ ಕಂಬಳಿಯ ಅಂಚು ಹೊಲಿಯುತ್ತಿದ್ದಳು. ಹೋದ ಸುಗ್ಗಿಯಲ್ಲಿ ಮದುವೆಯಾಗಿ ಬಂದ ಹುಡುಗಿ. ಕೈಯಲ್ಲಿ ಸೂಜಿ ಹಿಡಿಯಲೂ ಬಾರದೆ ಬಂದವಳು ಈಗ ತಾನು ‘ಅಜ್ಜಿ’ ಎನ್ನುವ ಸಾಯ್ರಾಕಾನ್‌ಳಷ್ಟೇ ಚೆನ್ನಾಗಿ ಹೊಲಿಯುತ್ತಿದ್ದಳು. ದಿನಕ್ಕೆ ಎರಡು ಸಲವಾದರೂ ಬೇಲಿ ದಾಟಿ ಬರದಿದ್ದರೆ ಇಬ್ಬರಿಗೂ ಸಮಾಧಾನವಿಲ್ಲ.

“ಅಪಾ,” ಎಂದು ಅಮ್ಮನನ್ನು ಕರೆಯುವಂತೆ ಅತ್ತೆಯನ್ನು ಕರೆದಳು ಬೇಗಾಯಿಮ್, “ಒಂದೇ ಒಂದು ಸಹಿ.”

“ನನ್ನ ಕಾಷ್ಕಾ ಇರೋದೇ ಅದಕ್ಕೆ,” ಎಂದಳು ಅತ್ತೆ, ಕಣಕದ ಮೇಲಿಂದ ಕಣ್ಣೆತ್ತದೆ. ಕಾಷ್ಕಾ ಹಣೆಯ ಮೇಲೆ ಬಿಳಿ ಪಟ್ಟೆಯ ಹೆಣ್ಣುಕುದುರೆ; ತಾಯಿ ಸತ್ತ ಮರಿಯನ್ನು ಅವಳೇ ಸೀಸೆಯಲ್ಲಿ ಹಾಲು ಕುಡಿಸಿ ಸಾಕಿದ್ದು. “ಪೆಟ್ಟಿಗೇಲಿ ನನ್ನ ಹೆಣದ ಬಟ್ಟೆ ಇದೆ. ಬಂದೋರಿಗೆ ಹಂಚೋ ತುಂಡುಬಟ್ಟೆ ಇದೆ. ಲಾಯದಲ್ಲಿ ಕುದುರೆ ಇದೆ. ನಿಮಗ್ಯಾರಿಗೂ ಭಾರ ಆಗಲ್ಲ ನಾನು.”

“ಭಾರದ ಮಾತಲ್ಲ ಅಪಾ. ಊರು ಬದಲಾಗ್ಬೇಕು ಅಂದ್ರೆ...”

“ನಲವತ್ತಾರು ವರ್ಷ ಈ ಊರಿನ ಸತ್ತೋರ ಕುದುರೆಗಳ ಕರುಳು ತೊಳೆದಿದೀನಿ ಕಣೇ. ಎಲ್ಲರ ಸಾವಲ್ಲೂ. ನನ್ನ ಸರದಿ ಬಂದಾಗ ನಿಮಗೆ ಬಾಳಿನ ಗುರಿ ನೆನಪಾಯ್ತಾ?”

 ನರಿನ್‌ನ ತರಬೇತಿಯಲ್ಲಿ ಬೇಗಾಯಿಮ್‌ಗೆ ಇದಕ್ಕೆ ಉತ್ತರ ಕೊಟ್ಟಿರಲಿಲ್ಲ. ಗಂಡನಾದರೂ ಇದ್ದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಅವನು ಕುರಿ ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗಿ ವಾರವಾಗಿತ್ತು.

ಗುರುವಾರ ಅವಳು ಮೈಕಿನ ಮುಂದೆ ಕುಳಿತಾಗ ಏನು ಮಾತಾಡುವುದೆಂದು ಇನ್ನೂ ಗೊತ್ತಿರಲಿಲ್ಲ. ಯಂತ್ರದ ಗುಂಡಿಗಳನ್ನು ನೋಡಿಕೊಳ್ಳುವ ದೋರೋನ್‌ಬೆಕ್, ಮೂವತ್ತು ವರ್ಷ ಬಸ್ಸು ಓಡಿಸಿ ಎಡಗಿವಿ ಕಳೆದುಕೊಂಡವನು, ಬಲಗಿವಿಯನ್ನು ಅವಳತ್ತ ತಿರುಗಿಸಿ ಕಾಯುತ್ತಿದ್ದ. ಬಾಗಿಲು ತೆರೆಯಿತು. ಹಬ್ಬದ ಬಿಳಿ ವಸ್ತ್ರ ತಲೆಗೆ ಕಟ್ಟಿಕೊಂಡು ಅತ್ತೆ ಒಳಗೆ ಬಂದಳು.

“ಊರೋರನ್ನೆಲ್ಲ ಕರೆಸಿ ಕೇಳ್ದೆ. ನನ್ನನ್ನ ಕೇಳ್ಲಿಲ್ಲ,” ಎಂದಳು. “ಬಂದಿದೀನಿ. ಕೇಳು.”

ಬೇಗಾಯಿಮ್ ಕುರ್ಚಿ ಎಳೆದುಕೊಟ್ಟಳು. ಅತಿಥಿಯನ್ನು ಹೆಸರು ಹೇಳಿ ಪರಿಚಯಿಸುವುದು ಕಾರ್ಯಕ್ರಮದ ಕ್ರಮ. ಆದರೆ ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಆಡುವುದುಂಟೇ? ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಆಡಿರಲಿಲ್ಲ. “ಇವತ್ತು ನಮ್ಮ ಜೊತೆ ಹಿರಿಯರೊಬ್ಬರು ಇದಾರೆ,” ಎಂದಷ್ಟೇ ಹೇಳಿದಳು. ಈ ಸಣ್ಣ ಮರ್ಯಾದೆ ಸ್ವಲ್ಪ ಹೊತ್ತಿನಲ್ಲೇ ಊರಿಗೆ ಊರನ್ನೇ ಓಡಿಸಲಿದೆಯೆಂದು ಯಾರಿಗೆ ಗೊತ್ತಿತ್ತು.

“ಕುದುರೆ ಯಾಕೆ ಬೇಕು ಅನ್ಸತ್ತೆ ಅಪಾ ನಿಮಗೆ?”

ಮುದುಕಿ ಮೈಕನ್ನು ಅನುಮಾನದಿಂದ ನೋಡಿದಳು. ಆಮೇಲೆ ಅದನ್ನು ಮರೆತಳು.

“ನನ್ನತ್ತೆ ಹೋದಾಗ ನನಗೆ ಇಪ್ಪತ್ತೊಂದು. ಐದು ಜನ ಓರಗಿತ್ತೀರು ನನಗಿಂತ ದೊಡ್ಡೋರು. ಅವ್ರು ಹೆಣ ಇಟ್ಟ ಗುಡಾರದೊಳಗೆ ಗೋಡೆ ಕಡೆ ಮುಖ ಮಾಡಿ ಕೂತು ಅತ್ತೆ ಮೇಲೆ ಹಾಡು ಕಟ್ಟಿ ಅತ್ರು. ಕಿರಿಯೋಳು ನಾನು. ನನ್ನ ಕೈಗೆ ಬೋಗುಣಿ ಕೊಟ್ಟು ಹೊಳೆಗೆ ಕಳಿಸಿದ್ರು. ಕುದುರೆ ಕರುಳು ಅಂದ್ರೆ ಸುಮ್ನೆನಾ? ತೊಳೆದಷ್ಟೂ ಮುಗಿಯಲ್ಲ. ದಡದಲ್ಲಿನ್ನೂ ಮಂಜುಗಡ್ಡೆ. ಅಳು ಕೇಳಿಸ್ತಾ ಇತ್ತು, ಮಾತು ಕೇಳಿಸ್ತಾ ಇರ್ಲಿಲ್ಲ. ನಾನು ಬರೋಷ್ಟೊತ್ತಿಗೆ ಅತ್ತೇನ ಹೊತ್ಕೊಂಡು ಹೋಗಿದ್ರು.”

“ಆಮೇಲೆ?”

“ಆಮೇಲೇನು, ಪಾತ್ರೆ ಇತ್ತು, ತಿಕ್ದೆ. ನನ್ನ ಹಾಡು ನನ್ನಲ್ಲೇ ಉಳೀತು. ಆವತ್ತೇ ಅಂದ್ಕೊಂಡೆ, ನಾನು ಸತ್ತಾಗ ನನಗೂ ಒಂದು ಕುದುರೆ ಬೀಳ್ಬೇಕು. ಈ ಮನೇಲಿ ಇವಳೂ ಒಬ್ಬಳಿದ್ಲು ಅಂತ ಜನಕ್ಕೆ ಗೊತ್ತಾಗ್ಬೇಕು.”

 ಹನ್ನೆರಡು ವಾರ! ಮರ್ಯಾದೆಯ ಗಾದಿಯಲ್ಲಿ ಕುಳಿತು ಮಾಂಸ ತಿಂದವರನ್ನೆಲ್ಲ ಬೇಗಾಯಿಮ್ ಕರೆಸಿ ಅಭಿಪ್ರಾಯ ಕೇಳಿದ್ದಳು. ಬೋಗುಣಿ ಹಿಡಿದು ಹೊಳೆಗೆ ಹೋದವರಲ್ಲಿ ಒಬ್ಬಳನ್ನೂ ಕರೆದಿರಲಿಲ್ಲ. ತನ್ನ ಬಗ್ಗೆಯೇ ಅವಳಿಗೆ ನಾಚಿಕೆಯಾಯಿತು. ಮುಂದಿನ ಪ್ರಶ್ನೆಯನ್ನು ಅವಳು ಯೋಚಿಸಿ ಕೇಳಲಿಲ್ಲ. ಅದು ತಾನಾಗಿ ಬಂತು.

“ಅಪಾ, ನಿಮ್ಮ ಕುದುರೆ ಬಿದ್ದ ದಿನ ಹೊಳೆ ಹತ್ರ ಯಾರಿರ್ತಾರೆ?”

“ಇನ್ಯಾರು? ನೀನು ಒಳಗೆ ಕೂತು ಅಳ್ಬೇಕಲ್ಲ. ನಮ್ಮ ಕುಲದಲ್ಲಿ ಈಗ ಕಿರೀ ಸೊಸೆ ಅಂದ್ರೆ ಮೇರಿ...”

ಸಾಯ್ರಾಕಾನ್ ಅಲ್ಲಿಗೇ ನಿಲ್ಲಿಸಿದಳು. ಎರಡೂ ಅಂಗೈಗಳನ್ನು ಮೇಜಿನ ಮೇಲಿಟ್ಟುಕೊಂಡು ಅವನ್ನೇ ನೋಡುತ್ತ ಕುಳಿತಳು. ರೇಡಿಯೋದಲ್ಲಿ ಮೌನವಿರಬಾರದೆಂದು ದೋರೋನ್‌ಬೆಕ್ ಕೈಸನ್ನೆ ಮಾಡಿದ. ಆಗ ಮುದುಕಿ ಕುರ್ಚಿಯನ್ನು ಗೋಡೆಯತ್ತ ತಿರುಗಿಸಿ, ಕೈಗಳನ್ನು ಸೊಂಟಕ್ಕೆ ಊರಿ, ಹಾಡತೊಡಗಿದಳು.

“ಹದಿನೇಳರ ಹುಡುಗಿ ಬಂದೆ, ಒಲೆ ಹಚ್ಚಲು ಬಾರದವಳು,
ನನ್ನ ಕರಕಲು ರೊಟ್ಟಿಯ ನೀನೇ ತಿಂದೆಯಲ್ಲೇ ಅತ್ತೆ,
ಚೆನ್ನಾಗಿದೆ ಎಂದು ಎಲ್ಲರೆದುರು ಅಂದೆಯಲ್ಲೇ.
ಹಿಮದಂಥ ಬಿಳಿ ವಸ್ತ್ರ ತಲೆಗೆ ಸುತ್ತುತ್ತಿದ್ದವಳು
ಹಿಮ ಕರಗುವ ಮೊದಲೇ ಹೊರಟುಹೋದೆಯಲ್ಲೇ.
ನೀನು ಹೋದ ದಿನ ನಾನು ನೀರ ಬಳಿ ಇದ್ದೆ ಅತ್ತೆ,
ನೀರು ಜೋರಾಗಿತ್ತು, ನನ್ನ ದನಿ ನಿನಗೆ ಕೇಳಿಸಲಿಲ್ಲ.”

ನಲವತ್ತಾರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಹಾಡು ಏಳು ಸಾಲಿಗೆ ಮುಗಿಯುತ್ತದೆಯೇ. ಅದು ಹರಿಯಿತು. ಬೇಗಾಯಿಮ್ ಅಳುತ್ತಿದ್ದಳು. ಯಂತ್ರ ನಿಲ್ಲಿಸಬೇಕಾಗಿದ್ದ ದೋರೋನ್‌ಬೆಕ್ ಟೋಪಿಯಿಂದ ಮುಖ ಮುಚ್ಚಿಕೊಂಡಿದ್ದ.

ಅತ್ತ ಇಮಾನ್‌ಕುಲ್‌ನ ದೊಡ್ಡಿಯಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ಗದ್ದಲ. ಮಾತು ಯಾರ ಕಿವಿಗೂ ನೆಟ್ಟಗೆ ಬಿದ್ದಿರಲಿಲ್ಲ, ಗುರುತು ಹಿಡಿಯಲು ಹೆಸರೂ ಇರಲಿಲ್ಲ, ಅಳು ಬಿತ್ತು. ಬೇಗಾಯಿಮ್‌ಳ ರೇಡಿಯೋದಲ್ಲಿ ಹೆಣ್ಣೊಬ್ಬಳು ‘ಅತ್ತೆ, ಅತ್ತೆ’ ಎಂದು ಹಾಡಿ ಅಳುತ್ತಿದ್ದಾಳೆ. ಅಳುವ ಗಂಟಲುಗಳೆಲ್ಲ ಒಂದೇ ಥರ. ಹಾಗೆ ಅಳುವವಳು ಬೇಗಾಯಿಮ್ ಅಲ್ಲದೆ ಇನ್ನಾರು? ಸತ್ತವಳು ಸಾಯ್ರಾಕಾನ್ ಅಲ್ಲದೆ ಇನ್ನಾರು? ಅಳು ಕೇಳಿದ ಮೇಲೆ ಯಾರು, ಏನು ಎಂದು ವಿಚಾರಿಸುತ್ತ ನಿಲ್ಲುವುದು ನಮ್ಮಲ್ಲಿ ಅಪಚಾರ. ಕತ್ತರಿ ಬಿಸಾಕಿ ಓಡಬೇಕು. ಓಡಿದರು.

ಅತ್ತೆ-ಸೊಸೆ ಕಣ್ಣೊರೆಸಿಕೊಂಡು ಮನೆಯ ದಾರಿ ಹಿಡಿದಾಗ ಬೀದಿ ಖಾಲಿಯಾಗಿತ್ತು. ಮನೆ ಹತ್ತಿರವಾದಂತೆ ಗಂಡಸರು ಗೋಳಿಡುವ ದನಿ ಕೇಳಿತು.

“ಯಾರೋ ಹೋದ್ರು ಅಂತ ಕಾಣತ್ತೆ,” ಎಂದಳು ಸಾಯ್ರಾಕಾನ್, ಹೆಜ್ಜೆ ಬಿರುಸು ಮಾಡುತ್ತ. “ಪಾಪ, ಯಾರೋ.”

ತನ್ನ ಅಂಗಳದಲ್ಲೇ ಮೂವತ್ತು ಗಂಡಸರು ಸೊಂಟಕ್ಕೆ ಪಟ್ಟಿ ಬಿಗಿದು, ಕೋಲಿಗೆ ಬಾಗಿ, “ಅಯ್ಯೋ ನಮ್ಮಮ್ಮಾ” ಎಂದು ಕೂಗುತ್ತಿದ್ದರು. ಮಧ್ಯದಲ್ಲಿ ಕಾಷ್ಕಾ ನಾಲ್ಕೂ ಕಾಲು ಕಟ್ಟಿಸಿಕೊಂಡು ನೆಲಕ್ಕೆ ಬಿದ್ದಿತ್ತು. ಇಮಾನ್‌ಕುಲ್ ಕೈಯಲ್ಲಿ ಚಾಕು ಹಿಡಿದು ನಿಂತಿದ್ದ. ಹಿರಿಯನೊಬ್ಬ ಅಂಗೈ ತೆರೆದು ಹರಸಿ ಅಪ್ಪಣೆ ಕೊಟ್ಟರೆ ಮುಗಿಯಿತು. ಹರಸಬೇಕಾದವನು ಮಾತ್ರ, “ಹೆಣ ಎಲ್ಲಿ? ಹೆಣ ನೋಡ್ದೆ ನಾನು ಕೈ ಎತ್ತಲ್ಲ,” ಎಂದು ಹಟ ಹಿಡಿದಿದ್ದ. ಆ ಒಂದು ಹಟ ಕುದುರೆಯನ್ನು ಅಷ್ಟು ಹೊತ್ತು ಉಳಿಸಿತ್ತು.

“ಹೆಣ ಬಂತು,” ಎಂದಳು ಸಾಯ್ರಾಕಾನ್. “ಚಾಕು ಕೆಳಗಿಡು.”

ಗೋಳು ಅರ್ಧಕ್ಕೆ ನಿಂತಿತು. ಇಮಾನ್‌ಕುಲ್ ಬೆಪ್ಪಾಗಿ ನೋಡಿದ. ಅವನ ಗಡ್ಡ ನಿಜವಾದ ಕಣ್ಣೀರಿನಿಂದ ತೊಯ್ದಿತ್ತು.

“ಅತ್ತಿಗೆ... ನೀವು ಮಾತು ತಗೊಂಡಿದ್ರಿ, ಕಾಷ್ಕಾ ನಿಮ್ಮ ಸಾವಿಗೇ ಬೀಳ್ಬೇಕು ಅಂತ. ಕಾಗದಕ್ಕೆ ಸಹಿ ಹಾಕಿದ್ರೂ ನಿಮ್ಮ ಮಾತು ಮೀರ್ಬಾರ್ದು ಅಂತ ನಾನು...” ಎಂದು ತಡವರಿಸಿದ. “ಹಾಗಾದ್ರೆ ಸತ್ತೋರ್ಯಾರು?”

“ನನ್ನತ್ತೆ.”

“ಅಮ್ಮ ಹೋಗಿ ನಲವತ್ತಾರು ವರ್ಷ ಆಯ್ತಲ್ಲ!”

“ಆಗ ನನಗೆ ಪುರುಸೊತ್ತಿರಲಿಲ್ಲ,” ಎಂದಳು ಸಾಯ್ರಾಕಾನ್.

ಯಾರೋ ನಗಲು ಹೋಗಿ ನುಂಗಿಕೊಂಡರು. ಅವಳ ಕಣ್ಣು ಅವರಾರ ಮೇಲೂ ಇರಲಿಲ್ಲ. ಬೇಲಿಯ ಪಕ್ಕದಲ್ಲಿ, ಹೊಳೆಗೆ ಇಳಿಯುವ ದಾರಿಯ ಬಾಯಲ್ಲಿ, ಮೇರಿಮ್ ನಿಂತಿದ್ದಳು. ಅಂಗಿಯ ತೋಳು ಮೇಲಕ್ಕೆ ಮಡಚಿತ್ತು. ಎರಡೂ ಕೈಯಲ್ಲಿ ದೊಡ್ಡ ಬೋಗುಣಿ. ಹೇಳಿಸಿಕೊಳ್ಳದೆ ತಾನಾಗಿಯೇ ಬಂದು ತನ್ನ ಜಾಗದಲ್ಲಿ ನಿಂತಿದ್ದಳು. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು. ಬೋಗುಣಿ ಬಿಟ್ಟು ಒರೆಸಿಕೊಳ್ಳಬೇಕೆಂಬುದೂ ಅವಳಿಗೆ ತೋಚಿರಲಿಲ್ಲ. ಎದುರಿಗೆ ಅಜ್ಜಿ ಜೀವಂತ ನಿಂತದ್ದನ್ನು ಅವಳ ಕಣ್ಣು ನಂಬಿರಲಿಲ್ಲ, ಇನ್ನೂ ಅಳುತ್ತಲೇ ಇದ್ದಳು.

ಸಾಯ್ರಾಕಾನ್ ಅವಳ ಹತ್ತಿರ ಹೋದಳು.

“ಒಳಗೆ ಹೋಗಿ ಅಳಬಾರದಾ ಹುಚ್ಚಿ?”

“ನನ್ನ ಜಾಗ ಇದೇ ಅಲ್ವಾ ಅಜ್ಜಿ,” ಎಂದಳು ಹುಡುಗಿ.

ಮುದುಕಿ ಬೋಗುಣಿಯನ್ನು ಅವಳ ಕೈಯಿಂದ ಬಿಡಿಸಿಕೊಳ್ಳಬೇಕಾಯಿತು. ಬೆರಳುಗಳು ಅಷ್ಟು ಬಿಗಿಯಾಗಿದ್ದವು. ಅದನ್ನು ಬೇಲಿಯ ಬುಡದಲ್ಲಿ ಬೋರಲು ಹಾಕಿದಳು.

“ಕುದುರೆ ಬಿಚ್ಚಿ,” ಎಂದಳು ಬೇರೆ ಯಾರ ಮುಖವನ್ನೂ ನೋಡದೆ. “ಬೇಗಾಯಿಮ್, ಆ ನಿನ್ನ ಕಾಗದ ತಾ. ಚಹಾಕ್ಕೆ ಸಮೋವರಿಗೆ ನೀರು ಹಾಕು. ಸಾವಿನ ಮನೆಗೆ ಬಂದೋರನ್ನ ಬರೀ ಬಾಯಲ್ಲಿ ಕಳಿಸೋದುಂಟಾ?”

ಕಾಷ್ಕಾ ಎದ್ದು ಮೈ ಕೊಡವಿ, ತನ್ನನ್ನು ಕೆಡವಿದವರ ಮೇಲೆಲ್ಲ ಧೂಳು ಹಾರಿಸಿ ಲಾಯಕ್ಕೆ ಹೋಯಿತು. ಹರಸಲು ಬಂದಿದ್ದ ಹಿರಿಯ ಪಕ್ಕಕ್ಕೆ ಸರಿದ. ಇಮಾನ್‌ಕುಲ್ ತಾನೇ ನೆಲಕ್ಕೆ ಮಂಡಿಯೂರಿ, ಹದಿನಾರರ ವಯಸ್ಸಿನಲ್ಲಿ ಕಳೆದುಕೊಂಡ ತಾಯಿಗಾಗಿ ಅಂಗೈ ತೆರೆದ. ಅಂಗಳದವರೆಲ್ಲ ತೆರೆದರು.

ಒಳಗೆ ಹೆಂಗಸರಿಗೆಲ್ಲ ಜಾಗವಾಯಿತು. ತೊಳೆಯಲು, ಬೇಯಿಸಲು ಏನೂ ಇರಲಿಲ್ಲ. ಸಾಯ್ರಾಕಾನ್ ಪೆಟ್ಟಿಗೆ ತೆರೆದು ತನ್ನ ಸಾವಿನಲ್ಲಿ ಹಂಚಲೆಂದು ಇಟ್ಟುಕೊಂಡಿದ್ದ ಬಟ್ಟೆಯನ್ನು ಪರ್ರೆಂದು ಹರಿದು ತುಂಡು ಮಾಡಿದಳು. ತುಂಬು ಬಾಳು ಬಾಳಿದವರ ಆಯಸ್ಸು ನಿಮಗೂ ಬರಲಿ ಎಂದು ಹಂಚುವ ಬಟ್ಟೆ. ಮೊದಲ ತುಂಡು ಹಿರಿಯಳಿಗೆ ಹೋಗಬೇಕು. ಮುದುಕಿ ಹಿರಿಯರನ್ನೆಲ್ಲ ದಾಟಿ ಮೇರಿಮ್‌ಳ ಮಡಿಲಿಗೆ ಹಾಕಿದಳು.

“ನನ್ನತ್ತೆ ಹೆಸರಿನದು,” ಎಂದಳು. “ಇಟ್ಕೋ. ಒಳ್ಳೆ ಹೆಂಗಸು. ಕೂತ್ಕೋ, ಅವರ ಸುದ್ದಿ ಹೇಳ್ತೀನಿ.”

ಬೇಗಾಯಿಮ್ ಚಹಾ ಬಗ್ಗಿಸುತ್ತ ಕೇಳಿದಳು. ಮೈಕು ಇಲ್ಲದ ಆ ಮಾತು ಸಂಜೆಯ ತನಕ ನಡೆಯಿತು. ಹೊಳೆ ಎಂದಿನಂತೆ ಜೋರಾಗಿ ಹರಿಯುತ್ತಿತ್ತು, ಅದರ ದಡದಲ್ಲಿ ಅಂದು ಯಾರೂ ಇರಲಿಲ್ಲ.