ಕಂಬಕ್ಕೆ ತುಟಿಯಿಲ್ಲ

ಕೊಟ್ಟಿಗೆಯ ಹಿಂದಿನ ತಗಡಿನ ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ಮಲಗಿದರೆ ಗೋಡೆಯಾಚೆ ಹಸುಗಳು ಮೆಲುಕು ಹಾಕುವುದು ಕೇಳಿಸುತ್ತಿತ್ತು. ಅಂದರೆ, ಹೆಂಡತಿಗೆ ಕೇಳಿಸುತ್ತಿತ್ತು. ಗಂಡನ ಕಿವಿಯನ್ನು ಮೇವು ಕತ್ತರಿಸುವ ಯಂತ್ರ ಎಂದೋ ತಿಂದು ಮುಗಿಸಿತ್ತು. ಕಿಟಕಿಯಿಲ್ಲದ ಶೆಡ್ಡು, ಸುತ್ತಲೂ ತಗಡು, ನಡುವೆ ಆ ಯಂತ್ರ. ಬೆಳಿಗ್ಗೆ ಸಂಜೆ ಅದರ ಬಾಯಿಗೆ ಹುಲ್ಲು ತುರುಕುವುದು ಅವನ ಕೆಲಸ. ಮೊದಮೊದಲು ಕಿವಿಯೊಳಗೆ ಜೀರುಂಡೆ ಕೂತಂತಾಯಿತು. ಆಮೇಲೆ ಜೀರುಂಡೆಯೂ ಸುಮ್ಮನಾಯಿತು.

ಯಜಮಾನರಿಗೆ ಇದು ಗೊತ್ತಿರಲಿಲ್ಲ. ಗೊತ್ತಾದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆಗೆ ಕೋಣೆಯೂ ಹೋಗುತ್ತದೆ. ಅದಕ್ಕೇ ಇಬ್ಬರೂ ಒಂದು ಉಪಾಯ ಮಾಡಿಕೊಂಡಿದ್ದರು. ಯಜಮಾನರು ಪಟ್ಟಣದಿಂದ ವಾರಕ್ಕೊಮ್ಮೆ ಕಾರಿನಲ್ಲಿ ಬಂದು ಎದುರಿಗೆ ನಿಂತು ಮಾತಾಡುವಾಗ ಅವನು ಅವರ ತುಟಿ ನೋಡಿಯೇ ಅರ್ಥ ಮಾಡಿಕೊಳ್ಳುತ್ತಿದ್ದ. ತಪ್ಪಿಹೋದದ್ದನ್ನು ಹೆಂಡತಿ ಅವರ ಬೆನ್ನ ಹಿಂದೆ ನಿಂತು ಬರೀ ತುಟಿಯಲ್ಲಿ ಮತ್ತೆ ಹೇಳುತ್ತಿದ್ದಳು. ಅವನು ತಲೆಯಾಡಿಸಿ ಕೆಲಸಕ್ಕೆ ಹೋಗುತ್ತಿದ್ದ.

ಯಜಮಾನರಿಗೆ ಇದು ಬಹಳ ಹಿಡಿಸಿತ್ತು. ‘ಮೌನಿ’ ಎಂದು ಹೆಸರಿಟ್ಟವರೂ ಅವರೇ. “ಆಳು ಅಂದ್ರೆ ಹೀಗಿರಬೇಕು. ಒಂದು ದಿನ ಎದುರು ಮಾತಾಡಿದವನಲ್ಲ” ಎಂದು ಬಂದವರ ಮುಂದೆಲ್ಲ ಹೊಗಳುತ್ತಿದ್ದರು. ಅವರ ಯಂತ್ರವೇ ಕಿವುಡು ಮಾಡಿದವನನ್ನು ಅವರೇ ವಿನಯವಂತನೆಂದು ಮೆಚ್ಚಿಕೊಳ್ಳುವುದನ್ನು ನೋಡಿ ಹೆಂಡತಿಗೆ ನಗು ಬರುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಅವಳು ಇಬ್ಬರ ಪಾಲಿನ ಮಾತನ್ನೂ ತಾನೇ ಆಡಿಕೊಂಡು ದಿನ ತಳ್ಳುತ್ತಿದ್ದಳು.

ಹೀಗಿರುವಾಗ ಫಾರ್ಮಿಗೆ ಕ್ಯಾಮೆರಾ ಬಂತು.

ಅದನ್ನು ಹಾಕಲು ಬಂದವನು ಏಣಿ, ಡ್ರಿಲ್ಲು, ಸುರುಳಿ ಸುತ್ತಿದ ನೀಲಿ ತಂತಿ ಎಲ್ಲ ಹೊತ್ತು ತಂದಿದ್ದ. ಗೇಟಿಗೊಂದು, ಹಾಲಿನ ಕೋಣೆಗೊಂದು, ಅಂಗಳದ ನಡುವೆ ಎತ್ತರದ ಕಂಬಕ್ಕೊಂದು. ತಂತಿಗೆ ಪೈಪು ಹೂಳಲು ಗುಂಡಿ ತೋಡಿದವನು ಮೌನಿ. ಏಣಿ ಹಿಡಿದು ನಿಂತವನೂ ಅವನೇ. ತನ್ನ ಮೇಲೆ ಕಣ್ಣಿಡುವ ಯಂತ್ರಕ್ಕೆ ಅಷ್ಟು ಶ್ರದ್ಧೆಯಿಂದ ಏಣಿ ಹಿಡಿದವರನ್ನು ಆ ಕ್ಯಾಮೆರಾದವನು ಬೇರೆಲ್ಲೂ ನೋಡಿರಲಿಕ್ಕಿಲ್ಲ.

“ಇದೇನಣ್ಣ, ಕ್ಯಾಮೆರಾ ಪಕ್ಕದಲ್ಲಿ ಡಬ್ಬಿ?” ಎಂದು ಹೆಂಡತಿ ಕೆಳಗಿನಿಂದ ಕೇಳಿದಳು.

“ಸ್ಪೀಕರ್ರು ಅಕ್ಕ. ಯಜಮಾನ್ರು ಮನೇಲಿ ಕೂತ್ಕೊಂಡು ಫೋನಲ್ಲೇ ನಿಮ್ಮನ್ನೆಲ್ಲ ನೋಡಬಹುದು, ಮಾತಾಡಬಹುದು. ಮೈಕೂ ಇದೆ, ನೀವು ಹೇಳಿದ್ದೂ ಅವರಿಗೆ ಕೇಳುತ್ತೆ. ಇನ್ಮೇಲೆ ಅವರು ಇಷ್ಟು ದೂರ ಬರೋದೇ ಬೇಡ.”

ಅವಳು ಆ ಡಬ್ಬಿಯನ್ನೇ ನೋಡಿದಳು. ಅದಕ್ಕೆ ತುಟಿಯಿರಲಿಲ್ಲ.

“ಹಲೋ, ಹಲೋ!” ಎಂದು ಅವನು ಪರೀಕ್ಷೆ ಮಾಡಿದಾಗ ಕಂಬ ಗುಡುಗಿತು. ಕರುಗಳು ಬೆಚ್ಚಿ ಹಗ್ಗ ಜಗ್ಗಿದವು. ಹಾಲು ಕರೆಯುವ ಹಾಲಣ್ಣ ತಂಬಿಗೆ ಬೀಳಿಸಿಕೊಂಡ. ಸ್ಪೀಕರಿನ ಸರಿ ಕೆಳಗೆ ನಿಂತಿದ್ದ ಮೌನಿ ಮಾತ್ರ ಉಗುರಿನ ಮಣ್ಣು ಕೀಳುತ್ತಿದ್ದ.

ಕ್ಯಾಮೆರಾದವನು ಅವನನ್ನು ನೋಡಿದ. ಆಮೇಲೆ ಅವಳನ್ನು ನೋಡಿದ.

“ದಮ್ಮಯ್ಯ ಅಣ್ಣ, ಯಾರಿಗೂ ಹೇಳಬೇಡ” ಎಂದಳು.

“ನಾನ್ಯಾಕೆ ಹೇಳ್ಲಿ ಅಕ್ಕ? ಅವರ ಫೋನಿಗೆ ಇನ್ನೂ ಜೋಡಿಸಿಲ್ಲ, ಈಗ ಅವರಿಗೆ ಕೇಳಲ್ಲ. ಆದ್ರೆ ಎಷ್ಟು ದಿನ ಮುಚ್ಚಿಡ್ತೀಯ?”

“ಅವರು ಮಾತಾಡೋವಾಗ ಒಂದು ದೀಪ ಉರಿಯೋ ಹಾಗೆ ಮಾಡೋಕಾಗಲ್ವಾ? ಆಗ ಇವರು ತಿರುಗಿ ನನ್ನ ನೋಡ್ತಾರೆ.”

“ಅದಕ್ಕೆ ಬೇರೆ ಥರದ್ದೇ ಹಾಕಬೇಕು. ಯಜಮಾನ್ರನ್ನ ಕೇಳ್ಲಾ?”

ಕೇಳಿದರೆ ಯಾಕೆಂದು ಹೇಳಬೇಕು. ಅವಳು ಬೇಡವೆಂದು ತಲೆಯಾಡಿಸಿದಳು.

ಅಂದಿನಿಂದ ಅವಳ ಪಾಡು ನಾಯಿಪಾಡಾಯಿತು. ಕಂಬ ಗೊರಗೊರ ಎಂದರೆ ಸಾಕು, ಸಗಣಿಯ ಬುಟ್ಟಿ ಅಲ್ಲೇ ಬಿಟ್ಟು ಓಡಿಬರುತ್ತಿದ್ದಳು. ಗಂಡನ ಬೆನ್ನಿಗೆ ಸಣ್ಣ ಕಲ್ಲು ಎಸೆಯುತ್ತಿದ್ದಳು. ಅವನು ತಿರುಗುತ್ತಿದ್ದ, ಅವಳ ತುಟಿ ನೋಡುತ್ತಿದ್ದ, ಓಡಿಹೋಗಿ ಬಿಚ್ಚಿಕೊಂಡ ಕರುವನ್ನು ಕಟ್ಟುತ್ತಿದ್ದ. ಅವಳು ಉಸಿರು ಬಿಡುವಷ್ಟರಲ್ಲಿ ಕಂಬ ಮತ್ತೆ ಗದರುತ್ತಿತ್ತು.

“ಏಯ್, ಕರೆದಿದ್ದು ಅವನನ್ನ. ನೀನ್ಯಾಕೆ ಮಧ್ಯ ಮೂಗು ತೂರಿಸ್ತೀಯ? ಸಗಣಿ ಗುಂಡಿ ಬಿಟ್ಟು ಈಚೆ ಬಂದ್ರೆ ನೋಡು!”

ಅವಳು ಗುಂಡಿಯ ಕಡೆಗೆ ಹೋದಳು. ಮೈ ಅಲ್ಲಿ, ಕಿವಿ ಇಲ್ಲಿ. ಗುಟ್ಟು ಗೊತ್ತಿದ್ದ ಹಾಲಣ್ಣನೂ ಆದಷ್ಟು ನೋಡಿಕೊಂಡ. ಆದರೆ ಕೆಚ್ಚಲು ಹಿಡಿದು ಕೂತವನು ಎಷ್ಟು ಸಲ ಎದ್ದು ಬಂದಾನು?

ಒಂದು ಬೆಳಿಗ್ಗೆ ಯಜಮಾನರ ಮನೆಗೆ ನೆಂಟರು ಬಂದಿದ್ದರು. ಕಂಬದಿಂದ ಅವರ ನಗು, ಲೋಟದ ಸದ್ದು ಎಲ್ಲ ಕೇಳಿಸುತ್ತಿತ್ತು. “ನೋಡಿ, ಇಲ್ಲಿಂದಲೇ ಹೇಗೆ ಆಡಿಸ್ತೀನಿ” ಎಂದ ಯಜಮಾನರ ಧ್ವನಿ ಏರಿತು. “ಮೌನಿ! ತಲೆಯೆತ್ತಿ ಕೈ ಬೀಸೋ!”

ಮೌನಿ ಹುಲ್ಲಿನ ಬುಟ್ಟಿ ಎತ್ತಿ ಕಂಬಕ್ಕೆ ಬೆನ್ನು ಹಾಕಿ ಹೊರಟ.

“ಏಯ್ ಮೌನಿ! ನಿಲ್ಲೋ!”

ಅವನು ನಿಲ್ಲಲಿಲ್ಲ. “ನಮ್ಮನೆ ನಾಯೀನೇ ವಾಸಿ, ಕರೆದ್ರೆ ತಿರುಗಿಯಾದ್ರೂ ನೋಡುತ್ತೆ” ಎಂದು ಯಾವನೋ ನೆಂಟ ಅಂದ. ಮನೆ ತುಂಬ ನಗೆ. ಆ ನಗೆಯೆಲ್ಲ ಸ್ಪೀಕರಿನಿಂದ ಅಂಗಳಕ್ಕೆ ಸುರಿಯಿತು.

“ಕೊಬ್ಬು! ಇಷ್ಟು ವರ್ಷ ಸಾಕಿದ್ದಕ್ಕೆ ನನ್ನ ಮರ್ಯಾದೆ ತೆಗೀತಾನೆ!” ಕಂಬ ಕೂಗಾಡತೊಡಗಿತು.

ಹಾಲಣ್ಣನಿಗೆ ತಡೆಯಲಾಗಲಿಲ್ಲ. ಕೆಚ್ಚಲು ಬಿಟ್ಟು ಎದ್ದು ಬಂದು ಕೈಮುಗಿದ. “ಕೊಬ್ಬಲ್ಲ ಸಾರ್! ಅವನಿಗೆ ಕಿವಿ ಕೇಳಲ್ಲ. ದೇವರಾಣೆಗೂ ಕೇಳಲ್ಲ!”

ಉಳಿಸಬೇಕೆಂದೇ ಅಂದದ್ದು. ಆ ಮಾತೇ ಮುಳುವಾಯಿತು. ಮೌನಿಯ ಹೆಂಡತಿ ಗುಂಡಿಯ ಕಡೆಯಿಂದ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ಹಾಗಾದ್ರೆ ಇಷ್ಟು ದಿನ ಗಂಡ ಹೆಂಡ್ತಿ ಸೇರಿ ನನ್ನ ಕಣ್ಣಿಗೆ ಮಣ್ಣೆರಚಿದ್ರಾ?” ಕಂಬ ಈಗ ತಣ್ಣಗೆ ಕೇಳಿತು.

“ಸಾರ್, ಕೆಲಸದಲ್ಲಿ ಏನಾದ್ರೂ ಕಡಿಮೆ ಮಾಡಿದ್ದಾರಾ? ನೀವೇ ಹೇಳಿ. ಕಿವಿ ಹೋಗಿದ್ದು ನಿಮ್ಮ ಮೇವಿನ ಯಂತ್ರದಿಂದ” ಎಂದಳು ಅವಳು.

“ಆ ಯಂತ್ರ ಊರಲ್ಲೆಲ್ಲ ಇದೆ. ಎಲ್ಲರೂ ಕಿವುಡರಾಗಿದ್ದಾರಾ? ಸಂಜೆ ಒಳಗೆ ಕೋಣೆ ಖಾಲಿ ಮಾಡಿ. ಅವನಿಗೆ ನೀನೇ ಹೇಳು.”

ಮೌನಿ ಖಾಲಿ ಬುಟ್ಟಿ ಹಿಡಿದು ಬಂದ. ಹೆಂಡತಿಯ ಮುಖ ನೋಡಿದ. “ಏನಂತೆ?” ಎಂದ.

ಅವಳು ಕಂಬದ ಕಡೆಗೇ ತಿರುಗಿ ನಿಂತಳು. “ನಾನು ಹೇಳಲ್ಲ. ಇಷ್ಟು ವರ್ಷ ನಿಮ್ಮ ಮಾತೆಲ್ಲ ಇವರಿಗೆ ನಾನೇ ಮುಟ್ಟಿಸಿದ್ದೀನಿ. ಇದನ್ನ ಮುಟ್ಟಿಸಲ್ಲ. ನೀವೇ ಬನ್ನಿ. ಇವರ ಮುಂದೆ ನಿಂತು, ನಿಮ್ಮ ಬಾಯಲ್ಲೇ ಹೇಳಿ.”

ಕಂಬ ಟಕ್ಕೆಂದು ಬಂದಾಯಿತು.

ಮೌನಿ ಹಾಲಣ್ಣನ ಕಡೆ ನೋಡಿದ. ಹಾಲಣ್ಣ ಮುಖ ತಿರುಗಿಸಿಕೊಂಡ. ಹಸುಗಳು ಕಾಯುತ್ತಿದ್ದವು. ಅವನು ಹೋಗಿ ಅವಕ್ಕೆ ನೀರಿಟ್ಟ.

ಸಂಜೆಯವರೆಗೆ ಅವಳು ಗೇಟನ್ನೇ ನೋಡುತ್ತಿದ್ದಳು. ಯಜಮಾನರು ಬರಲಿಲ್ಲ. ಅವರು ಯಾಕೆ ಬಂದಾರು? ಹೆಗಲಲ್ಲಿ ಹಾಸಿಗೆ, ಕೈಯಲ್ಲಿ ಪಾತ್ರೆಯ ಗಂಟು ಹಿಡಿದು ಒಬ್ಬ ಹೊಸ ಆಳು ಬಂದ. ನೇರ ಮೌನಿಯ ಎದುರಿಗೇ ಬಂದು ನಿಂತ.

“ಮೇವಿನ ಕೆಲಸ ನನಗೆ ಕೊಟ್ಟಿದ್ದಾರೆ. ಕೋಣೆನೂ ಕೊಟ್ಟಿದ್ದಾರೆ. ನೀವು ಹೊರಟಿದ್ದೀರಂತೆ?” ಎಂದ. ಹೇಳುವಾಗ ಅವನ ಮುಖ ಹುಳ್ಳಗಾಗಿತ್ತು.

ಮೌನಿ ಅವನ ತುಟಿಯನ್ನು ಕೊನೆಯವರೆಗೂ ನೋಡಿದ. ಒಂದಕ್ಷರವೂ ತಪ್ಪಲಿಲ್ಲ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು. ಅವನು ಒಳಗೆ ಹೋಗಿ ಬಟ್ಟೆಯ ಗಂಟು ತಂದು ಹೊರಗಿಟ್ಟ. ಆಮೇಲೆ ಹೊಸಬನನ್ನು ಶೆಡ್ಡಿಗೆ ಕರೆದೊಯ್ದು ಯಂತ್ರ ತೋರಿಸಿದ. ಇಬ್ಬರೂ ಅಂಗಳಕ್ಕೆ ಬಂದಾಗ ತನ್ನ ಹೆಗಲ ಟವೆಲನ್ನು ತೆಗೆದು ಅವನ ಕೈಗಿಟ್ಟ.

“ಯಂತ್ರ ಹಾಕೋವಾಗ ಇದನ್ನ ಕಿವಿಗೆ ಬಿಗಿಯಾಗಿ ಕಟ್ಕೋ!” ಎಂದ. ತನ್ನ ಧ್ವನಿ ಎಷ್ಟು ಎತ್ತರವೆಂದು ಅವನಿಗೆ ಗೊತ್ತಿರಲಿಲ್ಲ. ಕೊಟ್ಟಿಗೆಯೆಲ್ಲ ಮೊಳಗಿತು. “ನನ್ನವು ಹೋದ್ವು! ನಿನ್ನವನ್ನಾದ್ರೂ ಇವರಿಗೆ ಕೊಡಬೇಡ!”

“ಏಯ್, ಏನದು ಗಲಾಟೆ? ಇನ್ನೂ ಹೋಗಿಲ್ವಾ?” ಎಂದು ಕಂಬ ಗದರಿತು. “ಹೊಸಬ, ನೀನು ಒಳಗೆ ಹೋಗು!”

ಹೊಸಬ ಬೆಚ್ಚಿ ಮೇಲೆ ನೋಡಿದ. ಗಂಟು ಹೊತ್ತು ಗೇಟಿನತ್ತ ನಡೆಯುತ್ತಿದ್ದ ಇಬ್ಬರನ್ನೂ ನೋಡಿದ. ಕಂಬ ಕೂಗುತ್ತಲೇ ಇತ್ತು. ಯಂತ್ರವಿನ್ನೂ ಶುರುವಾಗಿರಲಿಲ್ಲ. ಅವನು ಆ ಟವೆಲನ್ನು ತಲೆಯ ಸುತ್ತ ತಂದು ಎರಡೂ ಕಿವಿ ಮುಚ್ಚುವಂತೆ ಕಟ್ಟಿಕೊಂಡ.