ಬಾ ಅಂದರೆ ಬರುವವನು

"ಸ್ವಲ್ಪ ವಾರೆ ಮಾಡ್ರಪ್ಪ, ಬಾಗಿಲಿಗೆ ತಾಗುತ್ತೆ," ಎಂದು ಸೂಪರ್‌ವೈಸರು ಹೇಳುವಷ್ಟರಲ್ಲಿ ಶವಪೆಟ್ಟಿಗೆಯ ಮೂಲೆ ಮನೆಬಾಗಿಲ ಚೌಕಟ್ಟಿಗೆ ಬಡಿದೇಬಿಟ್ಟಿತು. ಹೊತ್ತಿದ್ದ ನಾಲ್ವರು ಕೆಲಸಗಾರರೂ ಕಣ್ಣು ಮುಚ್ಚಿಕೊಂಡರು. ಒಳಗಿದ್ದವನು ಸದ್ದಿಗೆ ಹೆದರುವವನೆಂದು ಎಲ್ಲರಿಗೂ ಗೊತ್ತಿತ್ತು.

ಫ್ಯಾನ್ ಕಾರ್ಖಾನೆಯಲ್ಲಿ ಅವನಿಗೆ ಕಿವಿಯಣ್ಣ ಎಂದೇ ಹೆಸರು. ಇರುವೆ ಆಕಳಿಸಿದರೂ ಕೇಳುವ ಕಿವಿ ಅದು. ತಿರುಗುವ ಫ್ಯಾನಿನ ಕೆಳಗೆ ನಿಂತು, "ಇದು ಮೂರು ವರ್ಷಕ್ಕೆ ಕೂಗುತ್ತೆ" ಎಂದನೋ, ಮೂರು ವರ್ಷದ ಮೇಲೆ ಒಂದು ದಿನ ಹೆಚ್ಚಾದರೆ ಕೇಳಿ! ಇಪ್ಪತ್ತು ವರ್ಷದಲ್ಲಿ ಯಾರ ಮುಖ ನೋಡಿಯೂ ಮಾತಾಡಿದವನಲ್ಲ. ಆದರೆ ಊರಿನ ಅರ್ಧ ಜನ ಹಾಯಾಗಿ ಮಲಗಿದ್ದು ಅವನ ಕೃಪೆಯಿಂದ. ಗೇಟಿನಲ್ಲಿ 'ಎಲ್ಲ ಬಗೆಯ ಮನಸ್ಸಿಗೂ ಇಲ್ಲಿ ಜಾಗವಿದೆ' ಎಂಬ ಬೋರ್ಡು, ಅದರಲ್ಲಿ ಆನೆಗಾತ್ರದ ಅವನ ಫೋಟೊ. ಎಂಟು ತಿಂಗಳಿಂದ ಆ ಫೋಟೊ ಮಾತ್ರ ಡ್ಯೂಟಿಯಲ್ಲಿತ್ತು.

"ನನ್ನ ಜೋಕು ಚೆನ್ನಾಗಿಲ್ಲ ಅಂತ ಇದ್ದದ್ದು ಇದ್ದಹಾಗೆ ಹೇಳ್ತಿದ್ದೋನು ಅವನೊಬ್ಬನೇ," ಎಂದ ಪ್ಯಾಕಿಂಗಿನ ಮುದುಕ. "ನೀವೆಲ್ಲ ಕಳ್ಳರು, ನಗ್ತೀರಿ. ಅದ್ಯಾಕೆ ಕೆಲಸಕ್ಕೆ ಬರೋದು ಬಿಟ್ನೋ ಪುಣ್ಯಾತ್ಮ."

ಸೂಪರ್‌ವೈಸರು ಬಾಗಿ ಚೌಕಟ್ಟಿನ ಗೀರು ಸವರಿದರು. ಕಾರಣ ಗೊತ್ತಿದ್ದವರು ಆ ಗುಂಪಿನಲ್ಲಿ ಅವರೊಬ್ಬರೇ.

*

ಎಂಟು ತಿಂಗಳ ಹಿಂದೆ, ಕಾರ್ಖಾನೆಯಲ್ಲಿ ಹೊಸ ಯಂತ್ರ ಕೂರಿಸಲು ಪಾತಾಳದವರೆಗೂ ನೆಲ ಕೊರೆಯುತ್ತಿದ್ದರು. ಕಿವಿಯಣ್ಣ ಮೇಜಿನಡಿ ಮೊಣಕಾಲು ತಬ್ಬಿ ಕೂತಿದ್ದ. ಸೂಪರ್‌ವೈಸರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

"ಈ ಗಲಾಟೆ ಮುಗಿಯೋವರೆಗೂ ಮನೇಲಿರಪ್ಪ. ಆಮೇಲೆ ನಾನೇ ಬಂದು ಬಾ ಅಂತೀನಿ."

"ನೀವೇ ಬರ್ತೀರಾ?"

"ನಾನೇ."

ಗಲಾಟೆ ಒಂಬತ್ತು ದಿನಕ್ಕೆ ಮುಗಿಯಿತು. ಹತ್ತನೆಯ ದಿನ ಅವರ ತಲೆಯ ಮೇಲೆ ಏಳು ಲೋಕದ ಕೆಲಸ. ಮರೆತರು. ಮೂರನೆಯ ತಿಂಗಳು ನೆನಪಾದಾಗ, ಯಾವ ಮುಖ ಹೊತ್ತು ಹೋಗುವುದು? ತಾನಾಗಿಯೇ ಬರಬಹುದಲ್ಲ ಎಂದುಕೊಂಡರು. ಅವನು ಹಾಗೆ ಬರುವವನಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

*

ಕಿವಿಯಣ್ಣನ ಅಕ್ಕ ಪೆಟ್ಟಿಗೆಯ ಪಕ್ಕಕ್ಕೆ ಬಂದಳು.

"ದಿನಾ ಬೆಳಗ್ಗೆ ಬೂಟು ಹಾಕ್ಕೊಂಡು ಈ ಹೊಸ್ತಿಲ ಮೇಲೆ ಕೂರ್ತಿದ್ದ. ಸಾಯಂಕಾಲ ಬಿಚ್ತಿದ್ದ. ಜ್ವರ ಏರಿದಾಗ ಆಸ್ಪತ್ರೆಗೆ ಹೋಗೋಣ ಅಂದೆ. ಅವರು ಬಂದಾಗ ನಾನಿಲ್ದಿದ್ರೆ, ಅಂದ."

"ಯಾರಮ್ಮ ಅವರು?" ಎಂದ ಮುದುಕ.

ಅವಳು ಯಾರತ್ತಲೂ ನೋಡಲಿಲ್ಲ. ಸೂಪರ್‌ವೈಸರು ಹೇಳದೆ ಉಳಿಯಬಹುದಿತ್ತು.

"ನಾನು," ಎಂದರು. "ಬಂದು ಕರೀತೀನಿ ಅಂದಿದ್ದೆ. ಮರ್ತೆ. ಆಮೇಲೆ ನಾಚಿಕೆ ಆಯ್ತು."

ಮುದುಕ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹಂಗಾದ್ರೆ ಈಗ ಕರೀರಿ ಸಾರ್," ಎಂದಳು ಅಕ್ಕ. "ಇಲ್ದಿದ್ರೆ ಅವನು ಈ ಮನೆ ಬಿಡಲ್ಲ. ನಾನು ಇಲ್ಲೇ ಬದುಕ್ಬೇಕು."

ಸೂಪರ್‌ವೈಸರು ಓಣಿಗಿಳಿದು ಬಾಗಿಲಿಗೆ ಎದುರಾಗಿ ನಿಂತರು.

"ಬಾಪ್ಪ," ಎಂದರು.

ನಾಲ್ವರ ಕೈಯಲ್ಲಿ ಪೆಟ್ಟಿಗೆ ಅಲುಗಿತು, ನೇರ ಅವರತ್ತ ಬಂತು. ಓಣಿ ಇಕ್ಕಟ್ಟು, ಎರಡೂ ಕಡೆ ಗೋಡೆ, ತಿರುಗಲು ಎಡೆಯಿಲ್ಲ. ಅವರು ಒಂದು ಹೆಜ್ಜೆ ಹಿಂದಿಟ್ಟರು. ಅದು ಒಂದು ಹೆಜ್ಜೆ ಮುಂದೆ ಬಂತು. ಓಣಿಯುದ್ದಕ್ಕೂ ಅವರು ಹಾಗೆಯೇ ಹಿಂದುಹಿಂದಕ್ಕೆ ನಡೆದರು. ಅದು ಅವರ ಎದೆಯೆದುರಿಗೇ ಬರುತ್ತಿತ್ತು.